ಮಗ್ಗ ನಿಂತ ಹೊತ್ತು

ಪೊಲೀಸ್ ಆಕ್ಷನ್ ಆಗಿ ಹೈದರಾಬಾದ್ ಸೀಮೆಗೆ ಫೌಜು ಬಂದ ವಾರ ಅದು. ಊರೂರು ಲೂಟಿ ಮಾಡಿದ್ದ ನಿಜಾಮನ ಕಡೆಯ ರಜಾಕಾರರು ಓಡಿಹೋಗಿದ್ದರು, ಅವರ ಮೇಲಿನ ಸಿಟ್ಟು ಏನೂ ಅರಿಯದ ಸಾಬರ ಮೇಲೆ ತಿರುಗಿತ್ತು. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಮಾರ್ಕಂಡೇಯನಿಗೆ ಎರಡು ಮಗ್ಗ. ನೂಲು ಸಿಗದೆ ಒಂದು ಖಾಲಿ ಬಿದ್ದಿತ್ತು. ನೇಯುವವ ಕಾಲು ಇಳಿಬಿಟ್ಟು ಕೂರುವ ಅದರ ಕಾಲುಗುಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಚಾಪೆ. ಕೆಳಗೆ ಮೊಣಕಾಲಿಗೆ ಗದ್ದ ಹಚ್ಚಿ ಅಡಗಿ ಕೂತವರು ಡಾಕ್ಟರ್ ದಸ್ತಗೀರ್ ಸಾಬರು. ಪ್ಲೇಗು ಬಂದಾಗ ಈ ಓಣಿಯ ಮನೆಮನೆಗೂ ಬಂದು ಸೂಜಿ ಹಾಕಿದವರು.

ಮಾರ್ಕಂಡೇಯನ ಹೆಂಡತಿ ಸತ್ಯಮ್ಮನ ದವಡೆ ಬಾತು ಕಣ್ಣು ಮುಚ್ಚಿಹೋಗಿತ್ತು. ಗಂಜಿಯೂ ಇಳಿಯುತ್ತಿರಲಿಲ್ಲ. ಮಧ್ಯಾಹ್ನ ಸಾಬರು ಹಲಗೆ ಸರಿಸಿ ಮೇಲೆ ಬಂದರು.

"ಅಕಲ್ ದಾಡ, ತಂಗಿ. ಅಡ್ಡ ಮಕ್ಕೊಂಡೈತಿ. ವಸಡು ಕೊಯ್ದು ತಗೀಬೇಕು. ಬಾವು ಗಂಟಲಿಗೆ ಇಳದ್ರ ಉಸುರು ಕಟ್ಟತೈತಿ."

"ಬ್ಯಾಡ್ರೀ ಸಾಬ್ರ," ಎಂದಳು ಸತ್ಯಮ್ಮ ಹಲ್ಲಿನ ಸಂದಿಯಿಂದಲೇ. "ನಾ ಚೀರಿದ್ರ ಮಂದಿ ಬರ್ತಾರ. ನಿಮ್ಮನ್ನ ಬಿಡಂಗಿಲ್ಲ."

"ಬುದ್ಧಿ ಹಲ್ಲಲ್ಲೇನ್ರಿ ಅದು? ಇಕೀಗಿ ಬುದ್ಧಿ ಬರಾಕ ಎಷ್ಟು ತ್ರಾಸು ನೋಡ್ರಿ," ಎಂದು ಮಾರ್ಕಂಡೇಯ ನಗಲು ಹೋದ.

"ನೀ ಮಗ್ಗ ಹೊಡಿ. ನಿಲ್ಲಸಬ್ಯಾಡ," ಎಂದರು ಸಾಬರು.

ಮಾರ್ಕಂಡೇಯ ಇನ್ನೊಂದು ಮಗ್ಗಕ್ಕೆ ಕೂತ, ಲಾಳಿ ಓಡಿತು. ಸಾಬರು ಕೈಚೀಲದಿಂದ ಕತ್ತಿ, ಇಕ್ಕಳ ತೆಗೆದಿಟ್ಟು, ಲವಂಗದ ಎಣ್ಣೆ ಒತ್ತಿ, ಬಾಯಿ ಮುಚ್ಚದಂತೆ ನೂಲು ಸುತ್ತುವ ಬಿದಿರಿನ ಕಂಡಿಕೆಯೊಂದನ್ನು ಹಲ್ಲುಗಳ ನಡುವೆ ತುರುಕಿದರು. ಕತ್ತಿ ತಾಗಿದಾಗ ಸತ್ಯಮ್ಮ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡಿದಳು. ಚೀರು ಎದೆಯಿಂದ ಎದ್ದು ಬರುತ್ತಿತ್ತು. ಅವಳು ಅದನ್ನು ರಕ್ತದ ಜೊತೆ ನುಂಗುತ್ತಿದ್ದಳು. ದವಡೆಯ ಎಲುಬಿನೊಳಗೆ ಏನೋ ಕರಕರ ಅಂದಿತು. ಚೀರಿದರೆ ಈ ಮನುಷ್ಯ ಸತ್ತ. ತಲೆಯಲ್ಲಿ ಅದೊಂದೇ.

ಆಗ ಮಗ್ಗ ನಿಂತಿತು. ಹೆಂಡತಿಯ ಕಡೆಗೇ ನೋಡುತ್ತ ಮಾರ್ಕಂಡೇಯ ಎಳೆಗಳನ್ನು ಹರಿದುಕೊಂಡಿದ್ದ.

ಆ ಓಣಿಯಲ್ಲಿ ಯಾರ ಮಗ್ಗ ಯಾವುದೆಂದು ಸಪ್ಪಳದಿಂದಲೇ ಗೊತ್ತು. ನಿಂತರೆ ಪಕ್ಕದ ಮನೆಗೆ ಮೊದಲು ತಿಳಿಯುತ್ತದೆ. ಪಕ್ಕದ ಯಲ್ಲಯ್ಯನ ಮಗ್ಗವೂ ನಿಂತಿತು. ಸಾಬರನ್ನು ಹುಡುಕುವವರ ಜೊತೆ ಬಡಿಗೆ ಹಿಡಿದು ತಿರುಗುವವನು ಅವನೇ. ಸಾಬರು ಇಕ್ಕಳ, ಕತ್ತಿಗಳ ಸಮೇತ ಗುಂಡಿಗಿಳಿದರು. ಹಲಗೆ ಮುಚ್ಚಿ ಚಾಪೆ ಎಳೆಯುವುದಕ್ಕೂ ಬಾಗಿಲು ತಟ್ಟುವುದಕ್ಕೂ ಸರಿಹೋಯಿತು.

"ಏನಪಾ ಮಾರ್ಕಂಡಿ, ಮಗ್ಗ ಯಾಕ ನಿಂತೈತಿ? ಆ ದವಾಖಾನಿ ಸಾಬ ಈ ಓಣ್ಯಾಗ ಅದಾನಂತ. ಏನರ ಕಂಡೀಯೇನು?"

ಮಾರ್ಕಂಡೇಯ ಬಾಗಿಲು ತೆರೆದ. ಯಲ್ಲಯ್ಯ ಒಳಗೆ ಕಾಲಿಟ್ಟ. ನೆಲದ ಮೇಲೆ ರಕ್ತ ಕಂಡ.

"ಇದೇನೋ? ಯಾರ ರಕ್ತ ಇದು?" ಚಾಪೆಯ ಕಡೆ ನಡೆದ.

ಸತ್ಯಮ್ಮ ಎದ್ದು ಅಡ್ಡ ನಿಂತಳು. ಬಾಯಲ್ಲಿ ಕಂಡಿಕೆ, ಗದ್ದದಿಂದ ರಕ್ತ. ಆ ಬಾಯಿಂದ ಮಾತು ಬರುವಂತಿರಲಿಲ್ಲ. ಸಾಬರು ಅಲ್ಲಾಡಿಸಿ ಬಿಟ್ಟಿದ್ದ ಹಲ್ಲು ಸಡಿಲವಾಗಿ ತೂಗುತ್ತಿತ್ತು. ಅವಳು ಬೆರಳಿಗೆ ಸೆರಗು ಸುತ್ತಿ, ಬಾಯೊಳಗೆ ಹಾಕಿ, ಯಲ್ಲಯ್ಯನ ಮುಖವನ್ನೇ ನೋಡುತ್ತ ಎಳೆದಳು. ಈಗ ಚೀರಬಹುದಿತ್ತು. ಚೀರಿದಳು. ಅಷ್ಟು ಹೊತ್ತು ನುಂಗಿದ್ದೆಲ್ಲ ಒಮ್ಮೆಗೇ ಹೊರಬಿತ್ತು. ಹಲ್ಲು ಯಲ್ಲಯ್ಯನ ಕಾಲ ಬಳಿ ಉರುಳಿತು.

"ಅಯ್ಯಯ್ಯೋ! ಹೆಂಗಸೋ ರಾಕ್ಷಸಿಯೋ!" ಅವನು ಹಿಂದೆ ಸರಿದು ಹೊಸ್ತಿಲು ಎಡವಿದ. "ಉಪ್ಪಿನ ನೀರರ ಕೊಡೋ ಅಕೀಗಿ, ನಿಂತು ನೋಡ್ತಾನ ಹೇತ್ಲಾಂಡಿ!"

ಅವನು ಹೋದ ಮೇಲೆ ಮಾರ್ಕಂಡೇಯ ಎಳೆ ಗಂಟು ಹಾಕಿ ನೇಯತೊಡಗಿದ. ಸತ್ಯಮ್ಮ ಗೋಡೆಗೆ ಕಿವಿ ಹಚ್ಚಿ ಕೂತಳು. ಪಕ್ಕದಲ್ಲಿ ಸಪ್ಪಳವಿಲ್ಲ. ಮಂದಿಯನ್ನು ಕರೆತರಲು ಹೋದನೇ? ರಕ್ತ ಮಡಿಲಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಬಹಳ ಹೊತ್ತಿಗೆ ಯಲ್ಲಯ್ಯನ ಮಗ್ಗ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ, ಓಡಿತು.

ಸತ್ಯಮ್ಮ ಮೆಲ್ಲಗೆ ಹಲಗೆ ಎತ್ತಿದಳು. ವಸಡಿಗೆ ಹೊಲಿಗೆ ಹಾಕುವುದಿನ್ನೂ ಉಳಿದಿತ್ತು. ಬಣ್ಣ ಹಾಕದ ರೇಷ್ಮೆ ಎಳೆಯೊಂದನ್ನು ಕುದಿಸಲು ಇಟ್ಟು, ಮಾರ್ಕಂಡೇಯನ ಕಡೆ ನೋಡಿ, ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದಳು.