ನಿಲ್ಲುವ ನದಿ

ಆ ಕೋಣೆಯಲ್ಲಿ ನದಿ ನಿಲ್ಲುತ್ತಿತ್ತು.

ಹೆಟ್ಟಿ ಅಂಗೈ ಎತ್ತಿದರೆ ಸಾಕು. ಗೋಡೆಗಳ ಮೇಲೂ ನೆಲದ ಮೇಲೂ ಹರಿಯುತ್ತಿದ್ದ ಟೈನ್ ನದಿ ಇದ್ದಲ್ಲೇ ಇರುತ್ತಿತ್ತು. ಅಲೆಯ ನೊರೆ ಅರ್ಧ ಮುರಿದು ಉಳಿಯುತ್ತಿತ್ತು. ಒಂದು ಕಡಲಹಕ್ಕಿ ರೆಕ್ಕೆ ಬಿಚ್ಚಿಕೊಂಡು ನನ್ನ ಕಿವಿಯ ಪಕ್ಕದಲ್ಲಿ ತೂಗುತ್ತಿತ್ತು. ನೀಲಿ ಬೆಳಕಿನ ನಡುವೆ ನನ್ನ ಒಂಬತ್ತು ವರ್ಷದ ಮಗಳು ಕೈ ಎತ್ತಿ ನಿಂತು ಉಸಿರು ಸರಿಮಾಡಿಕೊಳ್ಳುತ್ತಿದ್ದಳು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದೆ.

"ಯಾವಾಗ ಬೇಕೋ ಆವಾಗ ಕೈ ಇಳಿಸು, ಚಿನ್ನ. ನಂಗೇನೂ ಅರ್ಜೆಂಟಿಲ್ಲ. ನದಿಗೂ ಇಲ್ಲ," ಎನ್ನುತ್ತಿದ್ದಳು ನಜ್ಲಾ.

"ನಾನು ಚಿನ್ನ ಅಲ್ಲ. ಹೆಟ್ಟಿ."

"ತಪ್ಪಾಯ್ತು ಹೆಟ್ಟಿ. ನಮ್ಮೂರಿನ ಬಾಯಿಚಟ. ಬಸ್ ಡ್ರೈವರ್‌ನೂ ಹಾಗೇ ಕರೀತೀನಿ."

ಆಟಿಸಂ ಇರುವ ಮಕ್ಕಳ ಭಯಕ್ಕೆ ಆ ಕೋಣೆಯಲ್ಲಿ ಚಿಕಿತ್ಸೆ ಕೊಡುವವಳು ನಜ್ಲಾ. ಕೆಲವರಿಗೆ ನಾಯಿಯ ಭಯ, ಕೆಲವರಿಗೆ ಅಂಗಡಿಯ ಸಾಲಿನದು. ಯಾವ ಭಯವೋ ಅದನ್ನೇ ಗೋಡೆಗಳ ಮೇಲೆ ಚಲಿಸುವ ಚಿತ್ರವಾಗಿ ತಂದು, ಮಗುವಿನ ಕೈಗೇ ಲಗಾಮು ಕೊಡುತ್ತಾಳೆ.

ಹೆಟ್ಟಿಯದು ಒಂದು ಗೇಣಿನ ಭಯ.

ನಾವಿರುವುದು ಟೈನ್ ನದಿಯ ಈಚೆ ದಡದ ನಾರ್ತ್ ಶೀಲ್ಡ್ಸ್‌ನಲ್ಲಿ. ಅತ್ತೆ ಡೊರೀನ್ ಇರುವುದು ಎದುರು ದಡದ ಸೌತ್ ಶೀಲ್ಡ್ಸ್‌ನಲ್ಲಿ. ಲೋಟದ ಚಹಾ ಆರುವಷ್ಟರಲ್ಲಿ ದೋಣಿ ಆಚೆ ತಲುಪುತ್ತದೆ. ಆದರೆ ಹತ್ತುವಾಗ ಕಟ್ಟೆಗೂ ದೋಣಿಗೂ ನಡುವೆ ಒಂದು ಗೇಣು ಸಂದು. ಅದರಲ್ಲಿ ಕಪ್ಪು ನೀರು ಏಳುತ್ತದೆ, ಇಳಿಯುತ್ತದೆ. ಹೆಟ್ಟಿ ಅದನ್ನು ಎಂದೂ ತನ್ನ ಕಾಲಿನಲ್ಲಿ ದಾಟಿರಲಿಲ್ಲ. ಅವಳಪ್ಪ ಕ್ರೇಗ್ ಎತ್ತಿಕೊಂಡು ದಾಟಿಸುತ್ತಿದ್ದ.

ಕಳೆದ ಚಳಿಗಾಲದಲ್ಲಿ ಕ್ರೇಗ್ ಸತ್ತ. ಮಗಳು ನನ್ನ ಭುಜದೆತ್ತರ ಬಂದಿದ್ದಾಳೆ, ನನ್ನಿಂದ ಎತ್ತಲಾಗದು. ಅತ್ತೆಗೆ ಸೊಂಟದ ಆಪರೇಷನ್ ಆಗಿ ಅವರು ದೋಣಿ ಹತ್ತುವಂತಿಲ್ಲ. ಸುತ್ತಿ ಹೋಗುವ ರೈಲಿನ ಬಾಗಿಲು ಕಿರುಚುತ್ತದೆ, ಅದು ಹೆಟ್ಟಿಗೆ ಆಗದು. ಮಣ್ಣು ಮಾಡಿದ ದಿನದ ನಂತರ ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಒಬ್ಬನಿಗಾಗಿ ಎರಡು ದಡಗಳಲ್ಲಿ ಅಳುತ್ತಿದ್ದೆವು ಎನ್ನಬಹುದಿತ್ತು. ಅಳುತ್ತಿದ್ದವರು ಅತ್ತೆ. ನನಗೆ ಅಳು ಬರುತ್ತಿರಲಿಲ್ಲ.

"ದೋಣಿ ಸಿನಿಮಾ ನೋಡೋಕೆ ಆಸ್ಪತ್ರೆಗೆ ಹೋಗ್ಬೇಕೇನೇ?" ಅತ್ತೆ ಫೋನಿನಲ್ಲಿ ಕೇಳಿದರು. "ನಮ್ಮನೇಲೂ ಟಿವಿ ಇದೆ."

"ನಿಮ್ಮನೆ ಟಿವಿ ನೋಡೋಕೂ ದೋಣಿ ಹತ್ತಲೇಬೇಕಲ್ಲ ಅತ್ತೆ."

ಆಕೆ ನಕ್ಕರು. "ಭಾನುವಾರ ಮಾಂಸ ಬೇಯಿಸ್ತೀನಿ ಕಣೆ. ಈಗ್ಲೂ ನಾಲ್ಕು ತಟ್ಟೆ ತೆಗೀತೀನಿ. ಆಮೇಲೆ ಮೂರು ವಾಪಸ್ ಇಡ್ತೀನಿ."

ಕೋಣೆಗೆ ಹೋಗುತ್ತಲೇ ಇದ್ದೆವು. ಹೆಟ್ಟಿ ಮೊದಮೊದಲು ಕಟ್ಟೆ ಕಾಣುತ್ತಲೇ ಕೈ ಎತ್ತುತ್ತಿದ್ದಳು. ನದಿ ನಿಲ್ಲುತ್ತಿತ್ತು. ನಿಂತ ನೀರು ಗಾಜಿನಂತೆ ಅವಳ ಬೂಟುಗಳ ಮೇಲೆ ಹೊಳೆಯುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಏನೂ ನೋಯುತ್ತಿರಲಿಲ್ಲ. ಮುಂದಿನ ಕ್ಷಣ ಇಲ್ಲದ ಜಾಗದಲ್ಲಿ ಯಾರೂ ಸತ್ತಿರುವುದಿಲ್ಲ. ಅವಳು ಕೈ ಇಳಿಸದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದೆ. ತಾಯಿ ಹಾಗೆ ಅಂದುಕೊಳ್ಳಬಾರದು.

ಬೇಸಿಗೆಯ ಹೊತ್ತಿಗೆ ಅವಳು ಕೈ ಎತ್ತುವುದನ್ನೇ ಬಿಟ್ಟಳು. ನೆಲದ ಮೇಲಿನ ಕಪ್ಪು ಗೆರೆಯನ್ನು ದಾಟಿ ದೋಣಿಯೊಳಗೆ ನಿಂತು, "ಸಂದು ಅಷ್ಟೇ," ಎಂದಳು. ಕಡಲಹಕ್ಕಿ ನನ್ನ ಕಿವಿಯ ಪಕ್ಕದಿಂದ ಹಾರಿಹೋಯಿತು.

"ಈ ಭಾನುವಾರ ನಿಜವಾದ ದೋಣಿ," ಎಂದಳು ನಜ್ಲಾ.

ಭಾನುವಾರ ಮಂಜು ಕವಿದಿತ್ತು. ಆಚೆ ದಡ ಇತ್ತೋ ಇಲ್ಲವೋ. ದೋಣಿ ಬಂದು ಕಟ್ಟೆಗೆ ಬಡಿಯಿತು. ಜನ ಇಳಿದರು, ಜನ ಹತ್ತಿದರು. ನಾನು ಹತ್ತಿ ತಿರುಗಿ ನೋಡಿದೆ. ಹೆಟ್ಟಿ ಕಟ್ಟೆಯ ಮೇಲೇ ಇದ್ದಳು. ಸಂದಿನಲ್ಲಿ ನೀರು ಎದ್ದಿತು. ಕೋಣೆಯ ನೀರಿಗೆ ಈ ವಾಸನೆ ಇರಲಿಲ್ಲ.

ಅವಳು ಅಂಗೈ ಎತ್ತಿದಳು.

ನೀರು ನಿಲ್ಲಲಿಲ್ಲ. ಆದರೆ ಹಗ್ಗ ಹಿಡಿದಿದ್ದ ಹಳದಿ ಅಂಗಿಯ ದೋಣಿಯವನು ಅವಳತ್ತ ನೋಡಿ ಕೈ ಬೀಸಿದ. ಶೀಲ್ಡ್ಸ್‌ನಲ್ಲಿ ದೋಣಿಯ ಮುಂದೆ ಯಾರೇ ಕೈ ಎತ್ತಿದರೂ ಬೀಸದೆ ಇರುವುದು ಅವಮಾನ. ಬೆಂಚಿನ ಮೇಲಿದ್ದ ಮುದುಕಿ ಬೀಸಿದಳು. ಸೈಕಲ್ ಹಿಡಿದವನೂ ಬೀಸಿದ.

ಹೆಟ್ಟಿ ತನ್ನ ಕೈಯನ್ನು ಇಳಿಸಿ ನೋಡಿಕೊಂಡಳು. ಮತ್ತೆ ಎತ್ತಿದಳು. ಅವರೆಲ್ಲ ಮತ್ತೆ ಬೀಸಿದರು.

"ಅಮ್ಮಾ, ಇದು ನದೀನ ನಿಲ್ಲಿಸ್ತಿಲ್ಲ."

"ಇಲ್ಲ."

"ಜನರನ್ನ ಬೀಸಿಸ್ತಿದೆ."

"ಹೌದು."

"ತಪ್ಪಾಗಿ ಕೆಲಸ ಮಾಡ್ತಿದೆ. ಆದ್ರೆ ಪ್ರತಿ ಸಲಾನೂ ಮಾಡ್ತಿದೆ."

"ಏನವ್ವಾ, ಎಷ್ಟು ಸಲ ಬೀಸ್ಲಿ?" ದೋಣಿಯವನು ಕೂಗಿದ. "ನನ್ನ ತೋಳು ಬಿದ್ಹೋದ್ರೆ ಹಗ್ಗ ಬಿಚ್ಚೋರು ಯಾರು? ಒಳಗೆ ಬಂದು ಬೀಸು ಮಾರಾಯ್ತಿ!"

ಅದು ತಮಾಷೆ ಎಂದು ಹೆಟ್ಟಿಗೆ ತಿಳಿಯಲಿಲ್ಲ. ಅವನ ತೋಳನ್ನು ಕಾಳಜಿಯಿಂದ ನೋಡಿದಳು. ಮೂರನೆಯ ಸಲ ಕೈ ಎತ್ತಿ, ಎತ್ತಿದ ಹಾಗೇ ಕಾಲು ಮುಂದಿಟ್ಟಳು. ಒಂದು ಕಾಲು. ಇನ್ನೊಂದು. ದೋಣಿ ಅವಳ ಕೆಳಗೆ ಸ್ವಲ್ಪ ತೂಗಿತು.

ಹಗ್ಗ ಬಿಚ್ಚಿಕೊಂಡಿತು. ಕಟ್ಟೆ ಮಂಜಿನಲ್ಲಿ ಕರಗಿತು. ನಡುನೀರಿನಲ್ಲಿ ಯಾವ ದಡವೂ ಕಾಣದಾಯಿತು. ಎಂಜಿನ್ ಸದ್ದು ದೂರದಲ್ಲೆಲ್ಲೋ ಕೇಳುತ್ತಿತ್ತು. ಬಿಳುಪಿನೊಳಗಿಂದ ಕಡಲಹಕ್ಕಿಯೊಂದು ಬಂದು ಗಾಳಿಗೆ ರೆಕ್ಕೆ ಕೊಟ್ಟು ನಮ್ಮ ಪಕ್ಕದಲ್ಲೇ ತೂಗಿತು. ಇಲ್ಲಿ, ಎಂದುಕೊಂಡೆ. ಇಲ್ಲೇ ನಿಲ್ಲಲಿ. ನನ್ನ ಕೈ ತಾನಾಗಿ ಮೇಲೆದ್ದಿತು.

ನದಿ ಹರಿಯುತ್ತಲೇ ಇತ್ತು. ಮಂಜು ಹರಿಯಿತು. ಎದುರು ಕಟ್ಟೆಯ ತುದಿಯಲ್ಲಿ ಊರುಗೋಲು ಹಿಡಿದು ನಿಂತಿದ್ದ ಅತ್ತೆ ನನ್ನ ಕೈ ಕಂಡರು. ಊರುಗೋಲನ್ನೇ ಎತ್ತಿ ಬೀಸಿದರು.

"ನೋಡಿದ್ಯಾ?" ಎಂದಳು ಹೆಟ್ಟಿ. "ನೀನು ಎತ್ತಿದ್ರೂ ಕೆಲಸ ಮಾಡುತ್ತೆ. ಅಜ್ಜಿ ಬೀಳೋಕೆ ಮುಂಚೆ ಇಳಿಸು."

ಇಳಿಸಿದೆ. ಕಣ್ಣು ಒರೆಸಿಕೊಳ್ಳಲು ಆ ಕೈ ಬೇಕಾಯಿತು.