ಹಿತ್ತಲಲ್ಲಿ ಜರಿ ಇದೆ, ಹುಷಾರು

ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರವೇ ಫಿನಾಯಿಲಮ್ಮ ಒಂದು ಪದಕ್ಕೆ ಎಡವಿ ಬಿದ್ದಳು. ಬೆಳಿಗ್ಗೆ ಅಂಗಡಿಗೆ ಹೊರಟ ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಹಿತ್ತಲಲ್ಲಿ ಜರಿ ತುಂಬಾ ಇದೆ, ಕಾಲಿಡುವಾಗ ಹುಷಾರು" ಎಂದು ಹೇಳಿ ಹೋದ. ಅವಳಿಗೆ ಕೇಳಿಸಿದ್ದು ನೂರು ಕಾಲಿನ ಜರಿ. ಕಚ್ಚಿದರೆ ಕೈ ಊದಿಕೊಳ್ಳುವ, ಮಲಗಿದ್ದಾಗ ಕಿವಿಗೆ ಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ಎಲ್ಲರೂ ಹೆದರಿಸುವ ಅದೇ ಹುಳು. ಅವಳಾದರೋ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿ. ಕೈಕೆಳಗಿನವರು ಬೆನ್ನ ಹಿಂದೆ ಫಿನಾಯಿಲಮ್ಮ ಎನ್ನುತ್ತಿದ್ದರು, ಅದು ಕಿವಿಗೆ ಬಿದ್ದಾಗ ಅವಳಿಗೆ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಅಂಥವಳು ಹುಳುವಿನ ಹೆಸರು ಕೇಳಿ ಕೈಕಟ್ಟಿ ಕೂರುತ್ತಾಳೆಯೇ? ಬಾಟಲಿಗಟ್ಟಲೆ ಫಿನಾಯಿಲನ್ನು ಹಿತ್ತಲ ಮೋರಿಯ ಉದ್ದಕ್ಕೂ ಸುರಿದು, ಒಂದು ಜರಿಯೂ ಹೊರಗೆ ಬರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟಳು.

ಸಂಜೆ ಶಾಲೆಯಿಂದ ಬಂದ ಗಂಡನ ಮಗಳು ಮೂಲೆಯ ಗಿಡವೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಎಲೆಗಳೆಲ್ಲ ಬೆಂದ ಹಾಗೆ ಮುದುಡಿದ್ದವು. ಗಂಡ ಹೇಳಿದ್ದು ಜರೀಗಿಡದ, ಅಂದರೆ ಫರ್ನ್ ಗಿಡದ ವಿಷಯ, ತುಳಿದೀಯೆ ಜೋಕೆ ಎಂಬ ಅರ್ಥದಲ್ಲಿ, ಎಂದು ಫಿನಾಯಿಲಮ್ಮನಿಗೆ ಹೊಳೆದದ್ದು ಆಗ. ಹುಡುಗಿ ಬಾಯಿಬಿಟ್ಟು ಬೈದಿದ್ದರೂ ಚೆನ್ನಾಗಿತ್ತು. "ಪರವಾಗಿಲ್ಲ ಬಿಡಿ. ನಿಮಗೆ ಗೊತ್ತಿರಲಿಲ್ಲ" ಎಂದಳು.

ಬಹುವಚನದಲ್ಲಿ ಎಷ್ಟು ಚಳಿ ಇರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಹದಿನಾಲ್ಕರ ಆ ಹುಡುಗಿ ತೀರಿಕೊಂಡ ತಾಯಿಯ ಮಾತು ಬಂದರೆ 'ಅಮ್ಮ ಹಾಗಂದಿದ್ದಳು, ಹೀಗೆ ಬೈದಿದ್ದಳು' ಎನ್ನುತ್ತಿದ್ದಳು. ಅಪ್ಪನಿಗೂ 'ನೀನು', ಬೀದಿಯ ನಾಯಿಗೂ 'ನೀನು'. ಹೊಸದಾಗಿ ಬಂದವಳಿಗೆ ಮಾತ್ರ ಬನ್ನಿ, ಕೂತ್ಕೊಳ್ಳಿ, ಊಟ ಆಯ್ತಾ ನಿಮ್ಮದು. ಬ್ಯಾಂಕಿನ ಕೌಂಟರಿನಲ್ಲಿ ಮಾತಾಡಿದ ಹಾಗೆ. ಚಿಕ್ಕಮ್ಮ ಎಂದು ಕರೆಯುವುದೂ ಇಲ್ಲ, 'ನೋಡಿ' ಎಂದೇ ಮಾತು ಶುರು. ಇದು ಮರ್ಯಾದೆಯೋ, ಮುಖದ ಮೇಲೆ ಬಾಗಿಲು ಹಾಕುವ ರೀತಿಯೋ, ಫಿನಾಯಿಲಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಗಂಡನನ್ನು ಕೇಳಿದರೆ, "ಒಳ್ಳೇ ಹುಡುಗಿ ಕಣೇ, ದೊಡ್ಡವರಿಗೆ ಮರ್ಯಾದೆ ಕೊಡ್ತಾಳೆ" ಎಂದ. ಊರಿಗೆಲ್ಲ ಕನ್ನಡಕ ಮಾಡಿಕೊಡುವ ಮನುಷ್ಯನಿಗೆ ಸ್ವಂತ ಮೂಗಿನ ಮುಂದಿನದು ಕಾಣುವುದಿಲ್ಲ.

ಆ ಹಿತ್ತಲು ಹೆಸರಿಗಷ್ಟೇ ಹಿತ್ತಲು. ಪಕ್ಕದವರ ಮೂರಂತಸ್ತಿನ ಮನೆಗೂ ಇವರ ಅಡುಗೆಮನೆಗೂ ನಡುವೆ ಸಿಕ್ಕಿಹಾಕಿಕೊಂಡ ಉದ್ದನೆಯ ಓಣಿ. ಮಧ್ಯಾಹ್ನ ಬಿಸಿಲು ಒಮ್ಮೆ ಇಣುಕಿ, ಇಲ್ಲಿ ನನಗೇನು ಕೆಲಸ ಎಂದು ಹೊರಟುಹೋಗುತ್ತದೆ. ಹೂವಿನ ಗಿಡ ಹಾಕಿ ಹಾಕಿ ಸೋತ ಮೇಲೆ ಹುಡುಗಿಯ ತಾಯಿ ಊರಾಚೆಯ ಹಳ್ಳದ ದಂಡೆಯಿಂದ ಜರೀಗಿಡಗಳನ್ನು ಕಿತ್ತು ತಂದಿದ್ದಳಂತೆ. ಈ ನೆಲದಲ್ಲೇ ಹುಟ್ಟಿ, ಇಲ್ಲಿನ ಚಳಿಗೂ ಸೆಕೆಗೂ ಜಗ್ಗದ ಗಟ್ಟಿ ಜಾತಿ. ಕೊಳೆತ ಎಲೆಯ ಗೊಬ್ಬರ ಬೆರೆಸಿ, ಬುಡ ಮಣ್ಣೊಳಗೆ ಮುಚ್ಚಿಹೋಗದಂತೆ ಮೇಲಕ್ಕೇ ಕೂರಿಸಿ ನೆಟ್ಟಿದ್ದಳು. ಬಗ್ಗಿ ನೋಡಿದರೆ ಒಂದೊಂದರ ಎಲೆ ಒಂದೊಂದು ಥರ. ಒಂದು ಬಾಚಣಿಗೆಯಂತೆ, ಒಂದು ಹಕ್ಕಿಯ ಗರಿಯಂತೆ. ತಾಯಿ ಹೋದ ಮೇಲೆ ಎಲ್ಲವೂ ಹುಡುಗಿಯ ಪಾಲಿಗೆ ಬಂತು.

ಮಾಡಿದ ತಪ್ಪು ಸರಿಮಾಡೋಣ ಎಂದು ಫಿನಾಯಿಲಮ್ಮ ಒಂದು ದಿನ ಒದ್ದೆ ಬಟ್ಟೆ ಹಿಡಿದು ಹಿತ್ತಲಿಗೆ ಇಳಿದಳು. ಎಲೆಗಳ ತಳದಲ್ಲಿ ಕಂದು ಚುಕ್ಕೆಗಳು ಸಾಲಾಗಿ ಅಂಟಿಕೊಂಡಿದ್ದವು. ಹೇನಿನಂಥ ಯಾವುದೋ ಕೀಟ ಎಂದುಕೊಂಡು ಒಂದೊಂದೇ ಎಲೆ ಮಗುಚಿ ಒರೆಸುತ್ತಾ ಹೋದಳು. ಹುಡುಗಿ ಕಿಟಕಿಯಿಂದ ನೋಡಿದಳು.

"ನೋಡಿ, ಅದು ರೋಗ ಅಲ್ಲ. ಬೀಜದ ಥರ."

"ಅಯ್ಯೋ, ಬೀಜಾನಾ ಇದು?"

"ಬೀಜ ಅಲ್ಲ. ಬೀಜದ ಥರ. ಜರಿಗೆ ಹೂವೂ ಇಲ್ಲ, ಬೀಜಾನೂ ಇಲ್ಲ."

"ಮತ್ತೆ ಮರಿ ಹೇಗೆ ಆಗುತ್ತೆ?"

"ಆಗುತ್ತೆ" ಎಂದು ಹುಡುಗಿ ಪುಸ್ತಕದೊಳಗೆ ಮುಖ ಹುದುಗಿಸಿದಳು.

ಫಿನಾಯಿಲಮ್ಮ ಡ್ಯೂಟಿ ಮುಗಿಸಿ ಬರುತ್ತಾ ನರ್ಸರಿಯವನನ್ನು ಕೇಳಿದಳು. ಅವನು ದೊಡ್ಡ ಪಂಡಿತನ ಹಾಗೆ ಕೆಮ್ಮಿ, "ನೀರು ಬೇಕು, ಆದ್ರೆ ನಿಲ್ಲಬಾರದು. ನೆರಳು ಬೇಕು, ಆದ್ರೆ ಕತ್ತಲಾಗಬಾರದು. ಚೆನ್ನಾಗಿ ನೋಡ್ಕೋಬೇಕು, ಆದ್ರೆ ಜಾಸ್ತಿ ಕೈಯಾಡಿಸಬಾರದು" ಎಂದು ಹೇಳಿ, ಜೊತೆಗೊಂದು ಗುಲಾಬಿ ಮಾರಲು ನೋಡಿದ. ಇವನು ಹೇಳಿದ್ದು ಗಿಡದ ವಿಷಯವೋ ಗಂಡನ ಮಗಳ ವಿಷಯವೋ ಎಂದು ದಾರಿಯುದ್ದಕ್ಕೂ ಅವಳ ತಲೆ ಕೆಟ್ಟಿತು.

ಚಳಿ ಬಂತು. ಜರಿಯೆಲ್ಲ ಕಂದಾಗಿ, ನೆಲಕ್ಕೆ ಒರಗಿ, ಹರಿದ ಚಾಪೆಯ ಹಾಗೆ ಬಿದ್ದುಕೊಂಡಿತು. ಅಡುಗೆಮನೆಯ ಬಾಗಿಲಲ್ಲೇ ಕೊಳೆಯುವ ಕಸ! ಆಸ್ಪತ್ರೆಯಲ್ಲಾಗಿದ್ದರೆ ಇಬ್ಬರನ್ನು ನಿಲ್ಲಿಸಿ ಬೈಯುತ್ತಿದ್ದಳು. ಇಲ್ಲಿ ನಾಲಿಗೆ ಕಚ್ಚಿಕೊಂಡು, "ಇವು ಸತ್ತಿವೆಯಾ?" ಎಂದು ಕೇಳಿದಳು.

"ಇಲ್ಲ."

"ಹಾಗಾದ್ರೆ ಬದುಕಿವೆ?"

"ಈಗ ಹೇಳಕ್ಕಾಗಲ್ಲ. ಒಣಗಿದ ಎಲೆ ತೆಗೀಬೇಡಿ. ಅದೇ ಬುಡಕ್ಕೆ ಹೊದಿಕೆ."

ಅವಳು ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಹಿಡಿದು ಬಾಗಿಲಲ್ಲಿ ನಿಂತು, ಗುಡಿಸಿಬಿಡಲು ತವಕಿಸುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೋಡುತ್ತಿದ್ದಳು. ಅದು ಪ್ರೀತಿಯೇ, ಆದರೆ ಹಾಗೆಂದು ಯಾರಿಗೂ ತಿಳಿಯಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಗಂಡನ ಅಕ್ಕ ಬಂದಿಳಿದಳು. ಮಾತು ನೇರ, ದನಿ ಜೋರು. "ಮುಂದಿನ ವರ್ಷದಿಂದ ಇವಳು ನಮ್ಮನೇಲೇ ಇದ್ದು ಓದ್ಲಿ. ಶಾಲೆ ಎದುರಿಗೇ ಇದೆ. ಇಲ್ಲಿ ಪಾಪ, ಹೊಸಬರ ಮಧ್ಯೆ ಯಾಕೆ ಒದ್ದಾಡ್ಬೇಕು? ಬರೋ ಭಾನುವಾರ ಬರ್ತೀನಿ, ಹೂಂ ಅಥವಾ ಊಹೂಂ, ಒಂದು ಹೇಳಿ" ಎಂದು ಹೇಳಿ ಹೋದಳು. ಗಂಡ, "ಅವಳಿಷ್ಟ" ಎಂದು ಕೈತೊಳೆದುಕೊಂಡ.

ಅವತ್ತು ಪಾತ್ರೆ ಒರೆಸುತ್ತಾ ಹುಡುಗಿ ಅವಳ ಕಡೆ ನೋಡದೆ ಕೇಳಿದಳು, "ನೀವೇನಂತೀರಿ?"

ಫಿನಾಯಿಲಮ್ಮ ನಲ್ಲಿ ನಿಲ್ಲಿಸಿದಳು. ಇರು ಎಂದರೆ ಯಜಮಾನಿಕೆ ಮಾಡಿದ ಹಾಗಾಗುತ್ತದೆ. ಹೋಗು ಎಂದರೆ ಹೊರಗೆ ಹಾಕಿದ ಹಾಗೆ. ಈ ಹುಡುಗಿಗೆ ನಿಜವಾಗಿ ಬೇಕಾದ್ದೇನು? ಮುಖ ನೋಡಿದರೆ ಪಾತ್ರೆಯ ತಳದಷ್ಟೇ ನುಣ್ಣಗಿತ್ತು. ಕೊನೆಗೆ, ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಎಂದುಕೊಂಡು, "ನಿನ್ನಿಷ್ಟಮ್ಮ. ಹೋಗ್ಬೇಕು ಅನ್ಸಿದ್ರೆ ಹೋಗು, ನಂದೇನೂ ಅಡ್ಡಿ ಇಲ್ಲ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಹುಡುಗಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದಳು. ಸರಿ ಹೇಳಿದೆನೋ ತಪ್ಪು ಹೇಳಿದೆನೋ ಎಂದು ಫಿನಾಯಿಲಮ್ಮ ಒರೆಸಿದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನ ನೋಡಿದರೆ ಹುಡುಗಿ ದೊಡ್ಡ ಜರಿಯೊಂದನ್ನು ಬುಡಸಮೇತ ಎಬ್ಬಿಸಿ, ಚಾಕುವಿನಿಂದ ಎರಡಾಗಿ ಸೀಳಿ, ಅರ್ಧವನ್ನು ಕುಂಡದಲ್ಲಿ ಕೂರಿಸುತ್ತಿದ್ದಳು. ಅಲ್ಲಿಗೆ ತೀರ್ಮಾನವಾಯಿತು. ಹೋಗುವವಳು, ತಾಯಿಯ ಗಿಡವನ್ನೂ ಕಟ್ಟಿಕೊಂಡು ಹೊರಟಿದ್ದಾಳೆ. ಕೇಳಿಬಿಡೋಣ ಎಂದು ಬಾಯಿ ತೆರೆದಳು, "ಮಣ್ಣು ಸಾಕಾ?" ಎಂದು ಕೇಳಿ ಮುಚ್ಚಿದಳು.

"ಸಾಕು" ಎಂದಳು ಹುಡುಗಿ.

ಭಾನುವಾರ ಬಂತು. ಮನಸ್ಸು ಕಲಕಿದಾಗ ಕೆಲವರು ಅಳುತ್ತಾರೆ, ಕೆಲವರು ನಿದ್ದೆ ಮಾಡುತ್ತಾರೆ. ಫಿನಾಯಿಲಮ್ಮ ತಿಕ್ಕುತ್ತಾಳೆ. ಅಡುಗೆಮನೆ ತಿಕ್ಕಿದಳು, ಬಚ್ಚಲು ತಿಕ್ಕಿದಳು, ತಿಕ್ಕಲು ಒಳಗೆ ಇನ್ನೇನೂ ಉಳಿಯದೆ ಹಿತ್ತಲಿಗೆ ಬಂದಳು. ಗೋಡೆಯ ಬುಡದ ಒದ್ದೆ ಇಟ್ಟಿಗೆಗಳ ಮೇಲೆ ಹಸಿರು ಹಸಿರಾಗಿ ಪಾಚಿ ಕಟ್ಟಿತ್ತು. ಹೋಗುವ ಹುಡುಗಿ ಜಾರಿ ಬೀಳುವುದು ಬೇಡ ಎಂದು ತನಗೆ ತಾನೇ ಒಂದು ನೆಪ ಹೇಳಿಕೊಂಡು, ಬ್ಲೀಚಿಂಗ್ ಪುಡಿ ಪಕ್ಕಕ್ಕಿಟ್ಟು, ಮಂಡಿಯೂರಿ, ಗಟ್ಟಿ ಬ್ರಷ್ಷಿನಿಂದ ಉಜ್ಜತೊಡಗಿದಳು. ಕಣ್ಣಿಂದ ನೀರೂ ಬರುತ್ತಿತ್ತು. ಪುಡಿಯ ಘಾಟಿಗೆ ಎಂದುಕೊಂಡಳು, ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಏಯ್! ನಿಲ್ಸು! ನಿಲ್ಸು ಅಂದೆ! ನಿಂಗೇನು ಕಣ್ಣು ಕಾಣಲ್ವಾ?"

ಹುಡುಗಿ ಓಡಿಬಂದು ಬ್ರಷ್ಷು ಕಿತ್ತುಕೊಂಡು ಆಚೆ ಎಸೆದಳು. ಅರ್ಧ ಇಟ್ಟಿಗೆ ಆಗಲೇ ಕೆಂಪಗಾಗಿತ್ತು.

"ಪಾಚಿ ಅಲ್ವಾ ಇದು?"

"ಪಾಚಿಯಂತೆ ಪಾಚಿ! ಜರಿಮರಿ ಕಣೇ ಇದು! ಅಮ್ಮ ಇದ್ದಾಗಿಂದ ಕಾಯ್ತಿದ್ವಿ. ಈ ಸಲ ಬಂದಿದೆ, ನೀನು ಉಜ್ಜಿ ಹಾಕ್ತಿದೀಯ!"

ಫಿನಾಯಿಲಮ್ಮ ಇಟ್ಟಿಗೆಗೆ ಮೂಗು ತಾಗುವಷ್ಟು ಬಗ್ಗಿದಳು. ಕಿರುಬೆರಳ ಉಗುರಿಗಿಂತ ಚಿಕ್ಕ, ತೆಳ್ಳನೆಯ ಹಸಿರು ಬಿಲ್ಲೆಗಳು ನೆಲಕ್ಕೆ ಅಂಟಿಕೊಂಡಿದ್ದವು. ಗರಿಯಿಲ್ಲ, ಬಾಚಣಿಗೆಯಿಲ್ಲ, ಸುರುಳಿಯಿಲ್ಲ. ಎಲ್ಲೋ ಒಂದರ ಅಂಚಿನಿಂದ ಮಾತ್ರ ದಾರದ ಎಳೆಯಂಥ ಕಾಂಡ ಎದ್ದು, ತುದಿಯಲ್ಲಿ ಒಂದೇ ಒಂದು ಪುಟಾಣಿ ಎಲೆ.

"ಒಂಚೂರೂ ಜರಿ ಥರ ಇಲ್ವಲ್ಲೇ" ಎಂದಳು ಅವಳು, ನಿಜಕ್ಕೂ ಗೊಂದಲವಾಗಿ.

"ಮೊದಲು ಹಾಗೇ ಇರೋದು. ಆಮೇಲೆ ಜರಿ ಆಗೋದು."

ಗಲಾಟೆ ಕೇಳಿ ಗಂಡ ಬಂದ. ಅವನ ಹಿಂದೆಯೇ, ಆಗಷ್ಟೇ ಬಂದಿದ್ದ ಅವನ ಅಕ್ಕ. "ನೋಡಿದ್ಯಾ? ಕಣೇ ಅಂತೆ, ನೀನು ಅಂತೆ! ಇಲ್ಲಿಗೆ ಬಂದು ನಿಂತಿದೆ ವಿಷಯ. ಅದಕ್ಕೇ ಹೇಳಿದ್ದು ನಾನು" ಎಂದು ಅಕ್ಕ ಶುರುಮಾಡಿದಳು. ಗಂಡನ ಮುಖ ಕೆಂಪಾಯಿತು. "ದೊಡ್ಡವರ ಹತ್ರ ಹೀಗಾ ಮಾತಾಡೋದು? ಕ್ಷಮೆ ಕೇಳು."

ಹುಡುಗಿಗೆ ಆಗ ತನ್ನ ಬಾಯಿಂದ ಏನು ಬಂತೆಂದು ತಿಳಿಯಿತು. ತಲೆ ತಗ್ಗಿಸಿದಳು. "ಕ್ಷಮಿಸಿ. ನಿಮಗೆ ನಾನು..."

"ಬೇಡ!" ಫಿನಾಯಿಲಮ್ಮ ಕಿರುಚಿದ್ದು ಮೂರನೇ ಅಂತಸ್ತಿನವರಿಗೂ ಕೇಳಿಸಿರಬೇಕು. ಮಂಡಿಯೂರಿದಲ್ಲಿಂದಲೇ, ಒದ್ದೆ ಕೈಯಲ್ಲಿ ಹುಡುಗಿಯ ಕೈ ಹಿಡಿದಳು. "ಕ್ಷಮೆ ಗಿಮೆ ಏನೂ ಬೇಡ. ನೀನು ಹೋಗಬೇಡ. ಅವತ್ತು ಹೋಗು ಅಂದಿದ್ದು ಸುಳ್ಳು. ನಂಗೆ ಅಡ್ಡಿ ಇದೆ."

ಹುಡುಗಿ ಕೈ ಕಿತ್ತುಕೊಳ್ಳಲಿಲ್ಲ. "ಮತ್ತೆ ಅವತ್ತೇ ಹೇಳೋಕೆ ಏನಾಗಿತ್ತು? ಅಪ್ಪ ನಿನ್ನಿಷ್ಟ ಅಂತಾನೆ. ನೀನೂ ನಿನ್ನಿಷ್ಟ ಅಂತೀಯ. ಎಲ್ಲಾ ನನ್ನಿಷ್ಟವೇ ಆದ್ರೆ ನಾನು ಯಾರಿಗೆ ಬೇಕು?"

ಅಷ್ಟು ದಿನ ಒಳಗಿದ್ದದ್ದು ಇದು. ಮೂವರು ದೊಡ್ಡವರಲ್ಲಿ ಯಾರಿಗೂ ಅಂದಾಜಿರಲಿಲ್ಲ.

"ನಂಗೆ ಬೇಕು" ಎಂದಳು ಫಿನಾಯಿಲಮ್ಮ. "ಆ ಕುಂಡ ನೋಡಿ, ನೀನು ಹೊರಟೇಬಿಟ್ಟೆ ಅಂದ್ಕೊಂಡೆ."

"ಅದು ಅತ್ತೆಗೆ. ಬರಲ್ಲ ಅಂದ್ರೆ ಬೇಜಾರಾಗ್ತಾಳೆ, ಕೈಗೇನಾದ್ರೂ ಕೊಡೋಣ ಅಂತ."

ಅಕ್ಕ ಹುಬ್ಬು ಗಂಟಿಕ್ಕಿ ಕುಂಡ ನೋಡಿದಳು, ಇಬ್ಬರ ಮುಖ ನೋಡಿದಳು. ಅವಳಿಗೂ ಗೊಂದಲವೇ. "ಅಂದ್ರೆ ಏನೀಗ? ಬರ್ತೀಯೋ ಇಲ್ವೋ? ಒಂದು ಸರಿಯಾಗಿ ಹೇಳು."

ಹುಡುಗಿ ಅಂಗೈಯಿಂದ ಕಣ್ಣು ಒರೆಸಿಕೊಂಡು ಇಟ್ಟಿಗೆಗಳ ಮುಂದೆ ಅಡ್ಡ ಕೂತಳು.

"ಹೇಗೆ ಬರಲಿ ಅತ್ತೆ? ಇವಳೊಬ್ಬಳನ್ನೇ ಬಿಟ್ಟುಹೋದ್ರೆ ಎಲ್ಲಾ ತೊಳೆದು ಇಟ್ಟುಬಿಡ್ತಾಳೆ."

ಇವಳು ಎಂದದ್ದಕ್ಕೆ ಗಂಡ ಮತ್ತೆ ಬೈಯಲು ಬಾಯಿ ತೆರೆದ. ಫಿನಾಯಿಲಮ್ಮ ಅವನನ್ನು ನೋಡಿದ ನೋಟಕ್ಕೆ ತೆರೆದ ಬಾಯಿ ಹಾಗೇ ಮುಚ್ಚಿಕೊಂಡ.