ನಲವತ್ತೊಂದನೆಯ ನಂಬರಿನ ರೋಗಿ

ಟಿಕೆಟ್ ಇಲ್ಲವೆಂದು ಸ್ವಂತ ಅತ್ತೆಯನ್ನೇ ರೈಲಿನಿಂದ ಕೆಳಗಿಳಿಸಿದ ಮಹಾನುಭಾವ ಈ ಟಿಕೆಟ್ ಕಲೆಕ್ಟರು. ಅಂಥವನ ಕೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಎದ್ದು, ಮೂರು ತಿಂಗಳಾದರೂ ಮಾಯದೆ ಕೂತಿತು. ಹಲ್ಲಿನ ಡಾಕ್ಟರು ಅಕ್ಕಿಕಾಳಿನಷ್ಟು ತುಣುಕು ಕತ್ತರಿಸಿ, ಔಷಧದ ನೀರಿದ್ದ ಸೀಸೆಗೆ ಹಾಕಿ, "ಎದುರಿನ ಲ್ಯಾಬಿಗೆ ಕೊಡಿ. ಕ್ಯಾನ್ಸರೋ ಅಲ್ವೋ ಅವರೇ ಹೇಳ್ಬೇಕು" ಎಂದರು.  ಜೊತೆಗೆ ಬಂದಿದ್ದ ಹೆಂಡತಿ ಅವನ ತೋಳು ಹಿಡಿದು ರಸ್ತೆ ದಾಟಿಸಿದಳು.

ಲ್ಯಾಬಿನ ಗುಮಾಸ್ತೆ ಸೀಸೆಯನ್ನು ಇಸಿದುಕೊಂಡು ಅದರ ಕೊರಳಿಗೆ ನಲವತ್ತೊಂದನೆಯ ನಂಬರು ಕಟ್ಟಿದಳು.

"ಇವರು ಪೇಷಂಟು. ನೀವ್ಯಾರು?" ಎಂದು ಸೀಸೆಯತ್ತ ಬೆರಳು ಮಾಡಿ ಅವನನ್ನು ಕೇಳಿದಳು.

"ಅಯ್ಯೋ, ಅದು ನನ್ನ ಕೆನ್ನೇನೇ ಕಣಮ್ಮಾ!"

"ಪರೀಕ್ಷೆ ಆಗೋದು ಇವರಿಗೆ. ನಿಮ್ಮ ಹತ್ರ ನಂಬರ್ ಇದ್ಯಾ?"

ಅವನು ಜೇಬು ತಡಕಾಡಿದ. ಇಲ್ಲ. ಮೂವತ್ತು ವರ್ಷ ತಾನು ಕೇಳಿಕೊಂಡು ಬಂದ ಪ್ರಶ್ನೆ ಇದು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಪೆಚ್ಚುಮೋರೆ ಈಗ ಅವನದೇ ಆಯಿತು. "ರೂಲ್ಸ್ ಅಂದ್ರೆ ರೂಲ್ಸೇ" ಎಂದು ಗೊಣಗಿ ಪಕ್ಕಕ್ಕೆ ಸರಿದ.

ಹೆಂಡತಿಗೆ ಗಂಡನ ಸ್ವಭಾವ ಗೊತ್ತು, ವಾದ ಮಾಡಿ ಫಲವಿಲ್ಲ. ಸೀಸೆಯನ್ನು ತೋರಿಸಿ, "ನಾನು ಇವರ ಹೆಂಡ್ತಿ" ಎಂದುಬಿಟ್ಟಳು. ಗುಮಾಸ್ತೆ ಖುಷಿಯಾಗಿ ಬರೆದುಕೊಂಡಳು. ಟಿಕೆಟ್ ಕಲೆಕ್ಟರನ ಪಾಲಿಗೆ ಉಳಿದದ್ದು ಫಾರಮ್ಮಿನಲ್ಲಿ 'ತಂದುಕೊಟ್ಟವರು' ಎಂಬ ಕೊನೆಯ ಸಾಲು.

ಒಂದು ವಾರ ಅವನಿಗೆ ಅನ್ನವೂ ಇಳಿಯಲಿಲ್ಲ, ನಿದ್ದೆಯೂ ಹತ್ತಲಿಲ್ಲ. ಸಾವಿನ ಭಯ ಅವನನ್ನು ಒಳಗಿಂದ ತಿಂದುಹಾಕಿತು. ಎಂಟನೆಯ ದಿನ ಲ್ಯಾಬಿನಲ್ಲಿ ಕೂಗಿದರು: "ನಲವತ್ತೊಂದು! ಪೇಷಂಟು, ಹತ್ತಿರದ ಸಂಬಂಧಿಕರು ಮಾತ್ರ ಬನ್ನಿ!" ಹೆಂಡತಿ ಗುಮಾಸ್ತೆಯ ಮೇಜಿನ ಮೇಲಿದ್ದ ಸೀಸೆಯನ್ನು ಜೋಪಾನವಾಗಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕಿವಿಗೊಟ್ಟು ಕೇಳೋಣವೆಂದರೆ ಬಾಗಿಲ ಮೇಲೆ 'ದೂರ ನಿಲ್ಲಿ' ಎಂದು ಬರೆದಿತ್ತು. ಪುಣ್ಯಾತ್ಮ ದೂರವೇ ನಿಂತ.

ಸ್ವಲ್ಪ ಹೊತ್ತಿಗೆ ಅವಳು ಕಣ್ಣೀರು ಸುರಿಸುತ್ತ ಹೊರಗೆ ಬಂದಳು. 

"ಏನೂ ಇಲ್ವಂತೆ! ಮುರಿದ ಹಲ್ಲು ಉಜ್ಜಿ ಉಜ್ಜಿ ಆಗಿರೋ ಗಾಯವಂತೆ. ನನ್ನ ಗಂಡ ಉಳ್ಕೊಂಡ್ರು!" ಎಂದು ಸೀಸೆಯನ್ನು ಎದೆಗವುಚಿಕೊಂಡು ಬಿಕ್ಕಿದಳು.

ಟಿಕೆಟ್ ಕಲೆಕ್ಟರು ಗುಮಾಸ್ತೆಯತ್ತ ಒಮ್ಮೆ ನೋಡಿ, ಒಂದು ಹೆಜ್ಜೆ ಮುಂದಿಟ್ಟು, ಮೆಲ್ಲಗೆ ಕೇಳಿದ:

"ಮತ್ತೆ... ನಂಗೆ?"